ಅಮೆರಿಕದ ಆಸ್ಪತ್ರೆಯ ಬಿಲ್ಲನ್ನು ಕಟ್ಟುವ ಮುನ್ನ ಓದುವುದು ಹೇಗೆ

ನವಿ ಮುಂಬಯಿಯ ಐರೋಲಿಯ ಕಚೇರಿಯಲ್ಲಿ ನನ್ನ ಪಾಳಿ ಸಂಜೆ ಆರೂವರೆಗೆ ಶುರುವಾಗುತ್ತದೆ. ನ್ಯೂಯಾರ್ಕಿನಲ್ಲಿ ಆಗ ಬೆಳಿಗ್ಗೆ ಒಂಬತ್ತು ಗಂಟೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ ನಾವೂ ಏಳೂವರೆಗೆ ಸರಿಯುತ್ತೇವೆ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು, ವಾಶಿಯ ಗಾಡಿ ಹಿಡಿದರೆ ಐರೋಲಿ. ಹನ್ನೆರಡು ವರ್ಷಗಳಿಂದ ಇದೇ ದಾರಿ, ಇದೇ ಕೆಲಸ. ಅಮೆರಿಕದ ಆಸ್ಪತ್ರೆಗಳ ಪರವಾಗಿ ಅಲ್ಲಿನ ವಿಮಾ ಕಂಪನಿಗಳಿಗೆ ಕರೆ ಮಾಡಿ, ಈ ಕ್ಲೇಮಿನ ಹಣ ಏಕೆ ಬಂದಿಲ್ಲ, ಅದನ್ನು ಏಕೆ ತಿರಸ್ಕರಿಸಿದಿರಿ ಎಂದು ಕೇಳುವುದು. ಈ ಕೆಲಸಕ್ಕೆ ಎಆರ್ ಕಾಲಿಂಗ್ ಎನ್ನುತ್ತಾರೆ. ಅಮೆರಿಕವನ್ನು ನಾನು ಒಮ್ಮೆಯೂ ನೋಡಿಲ್ಲ, ಆದರೆ ಅಲ್ಲಿನ ಬಿಲ್ಲಿನ ಒಂದೊಂದು ಸಾಲೂ ನನಗೆ ಪರಿಚಿತ.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಮಾಸ್ತರರಿದ್ದಾರೆ. ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯೊಂದಿಗೆ ನ್ಯೂಜೆರ್ಸಿಗೆ ಹೋಗಿದ್ದಾಗ ಒಂದು ರಾತ್ರಿ ಊಟವಾದ ಮೇಲೆ ಎದೆ ಹಿಡಿದುಕೊಂಡಿತು. ಮಗಳು 911ಕ್ಕೆ ಕರೆ ಮಾಡಿದಳು. ಆಂಬುಲೆನ್ಸ್ ಬಂತು, ತುರ್ತು ವಿಭಾಗದಲ್ಲಿ ಇಸಿಜಿ, ರಕ್ತಪರೀಕ್ಷೆ, ಎಕ್ಸ್-ರೇ ಮಾಡಿದರು, ಒಂದು ರಾತ್ರಿ ಇಟ್ಟುಕೊಂಡು ಮರುದಿನ ಮಧ್ಯಾಹ್ನ ಮನೆಗೆ ಕಳುಹಿಸಿದರು. ಹೃದಯಕ್ಕೆ ಏನೂ ಆಗಿರಲಿಲ್ಲ, ಹುಳಿತೇಗಿನ ಉಪದ್ರವ. ಹೊರಡುವಾಗ ಯಾರೂ ಹಣ ಕೇಳಲಿಲ್ಲ. ಇಲ್ಲಿ ಡಿಪಾಸಿಟ್ ಕಟ್ಟದೆ ಹಾಸಿಗೆ ಸಿಗದ, ಪೂರ್ತಿ ಬಿಲ್ಲು ತೀರಿಸದೆ ಡಿಸ್ಚಾರ್ಜ್ ಆಗದ ಆಸ್ಪತ್ರೆಗಳನ್ನು ನೋಡಿದ ಮಾಸ್ತರರು, ವಿಮೆಯವರು ಎಲ್ಲವನ್ನೂ ನೋಡಿಕೊಂಡರು ಎಂದೇ ತಿಳಿದರು.

ಐದು ವಾರಗಳ ಬಳಿಕ ಮೊದಲ ಲಕೋಟೆ ಬಂತು: 18,460 ಡಾಲರ್. ಮತ್ತೆರಡು ವಾರಗಳಲ್ಲಿ ಇನ್ನೂ ನಾಲ್ಕು ಬಂದವು. ಮಾಸ್ತರರು ಮೊದಲನೆಯದನ್ನೇ ರೂಪಾಯಿಗೆ ತಿರುಗಿಸಿದರು, ಹದಿನೈದು ಲಕ್ಷ ದಾಟಿತು. ರಾತ್ರಿ ನನ್ನ ಊಟದ ಬಿಡುವಿನಲ್ಲಿ ಅವರ ಕರೆ ಬಂತು. "ನೋಡಮ್ಮ, ಬ್ಯಾಂಕಿನಲ್ಲಿರುವ ಠೇವಣಿ ಮುರಿಸುತ್ತೇನೆ. ಮಗಳ ಮನೆಗೆ ಬಂದು ಅವಳ ತಲೆಯ ಮೇಲೆ ಸಾಲ ಹೊರಿಸಿ ಹೋಗಲಾರೆ." ಅವರ ಧ್ವನಿ ನಡುಗುತ್ತಿತ್ತು. ಒಂದು ಡಾಲರನ್ನೂ ಕಟ್ಟಬೇಡಿ ಮಾಸ್ತರೇ, ಮೊದಲು ಐದೂ ಕಾಗದಗಳ ಫೋಟೋ ಕಳುಹಿಸಿ ಎಂದೆ. ಆ ಹೆದರಿಕೆಯಲ್ಲೇ ಹಣ ಕಟ್ಟಿಬಿಡುವವರು ಬಹಳ ಜನ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಲಕೋಟೆ ಬಂದ ದಿನ

ತುರ್ತು ವಿಭಾಗದಲ್ಲಿ ಮೊದಲೇ ಹಣ ಕೇಳದಿದ್ದುದಕ್ಕೆ ಕಾರಣ 1986ರ ಎಮ್ಟಾಲಾ ಎಂಬ ಕಾನೂನು. ಹಣ ಇರಲಿ, ಇಲ್ಲದಿರಲಿ, ವಿಮೆ ಇರಲಿ, ಇಲ್ಲದಿರಲಿ, ಬಂದ ರೋಗಿಯನ್ನು ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕು. ಆದ್ದರಿಂದ ಬಿಲ್ಲಿಗೆ ಹೆದರಿ ಎದೆನೋವನ್ನು ಮುಚ್ಚಿಡಬೇಡಿ. ಇದನ್ನು ನಾನು ಮೊದಲು ಹೇಳಬೇಕು. ಆದರೆ ಆ ಕಾನೂನು ಚಿಕಿತ್ಸೆಯನ್ನು ಉಚಿತ ಮಾಡುವುದಿಲ್ಲ, ಬಿಲ್ಲನ್ನು ತಡವಾಗಿ ಕಳುಹಿಸುತ್ತದೆ ಅಷ್ಟೆ.

ಒಂದೇ ರಾತ್ರಿಗೆ ಐದು ಲಕೋಟೆ ಬಂದುದರಲ್ಲಿ ಮೋಸವಿಲ್ಲ. ಕಟ್ಟಡ, ಹಾಸಿಗೆ, ನರ್ಸು, ಯಂತ್ರ ಇವುಗಳ ಬಿಲ್ಲು ಆಸ್ಪತ್ರೆಯದು. ತುರ್ತು ವಿಭಾಗದ ವೈದ್ಯರದು ಬೇರೆ. ಎಕ್ಸ್-ರೇ ಓದಿದ ರೇಡಿಯಾಲಜಿಸ್ಟ್, ಇಸಿಜಿ ಓದಿದ ಹೃದ್ರೋಗ ತಜ್ಞ, ಆಂಬುಲೆನ್ಸ್ ಇವರೆಲ್ಲರದೂ ಬೇರೆ ಬೇರೆ. ಒಂದು ಇಸಿಜಿಗೆ ಎರಡು ಸಾಲು ಬರುವುದನ್ನು ಕಂಡು ಜನ ಗಾಬರಿಯಾಗುತ್ತಾರೆ. ಇಸಿಜಿ ಪಟ್ಟಿ ಎಳೆದದ್ದಕ್ಕೆ 93005 ಎಂಬ ಕೋಡು, ಅದನ್ನು ಓದಿ ವರದಿ ಬರೆದದ್ದಕ್ಕೆ 93010. ಎರಡೂ ಸರಿಯೇ.

ಕೈಗೆ ಬಂದ ಮೊದಲ ಕಾಗದದಲ್ಲಿ ಸಾಮಾನ್ಯವಾಗಿ ಒಟ್ಟು ಮೊತ್ತ ಮಾತ್ರ ಇರುತ್ತದೆ. ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಿ ಎರಡು ಮಾತು ಹೇಳಬೇಕು. ಒಂದು, ಐಟಮೈಸ್ಡ್ ಬಿಲ್ ಕಳುಹಿಸಿ, ಅಂದರೆ ಪ್ರತಿ ಸಾಲಿನ ಕೋಡು, ದಿನಾಂಕ, ಎಷ್ಟು ಬಾರಿ ಎಂಬುದಿರುವ ಬಿಲ್ಲು. ಎರಡು, ವಿಮೆಯ ಲೆಕ್ಕ ಮುಗಿಯುವವರೆಗೆ ಖಾತೆಯನ್ನು ತಡೆದಿಡಿ. ಕೇಳಿದರೆ ಬಹುತೇಕ ಆಸ್ಪತ್ರೆಗಳು ಮೂವತ್ತು ದಿನವಾದರೂ ತಡೆಯುತ್ತವೆ. ಸುಮ್ಮನಿರುವುದು ಮಾತ್ರ ಬೇಡ. ಉತ್ತರವಿಲ್ಲದ ಬಿಲ್ಲು ವಸೂಲಿ ಏಜೆನ್ಸಿಗೆ ಹೋಗುತ್ತದೆ. ಕರೆ ರೋಗಿಯದೇ ಆಗಿರಬೇಕು, ಇಲ್ಲವೇ ರೋಗಿ ಒಪ್ಪಿಗೆಗೆ ಸಹಿ ಹಾಕಿರಬೇಕು. ರೋಗಿಯ ಖಾಸಗಿ ಮಾಹಿತಿಯನ್ನು ಕಾಯುವ 1996ರ ಹಿಪಾ ಕಾನೂನಿನ ಕಾರಣಕ್ಕೆ ಸ್ವಂತ ಮಗಳಿಗೂ ಅವರು ವಿವರ ಹೇಳಲು ಹಿಂಜರಿಯುತ್ತಾರೆ. ಮಾಸ್ತರರು ಫೋನಿನಲ್ಲಿ ತಮ್ಮ ಹೆಸರು, ಜನ್ಮದಿನಾಂಕ ಹೇಳಿ, ನನ್ನ ಮಗಳೊಂದಿಗೆ ಮಾತನಾಡಿ ಎಂದ ಮೇಲೆಯೇ ಮಾತು ಮುಂದುವರಿಯಿತು. ಪ್ರತಿ ಕರೆಯಲ್ಲೂ ಮಾತನಾಡಿದವರ ಹೆಸರು, ದಿನಾಂಕ, ಕಾಲ್ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ನಮ್ಮ ಕಚೇರಿಯಲ್ಲಿ ಆ ನಂಬರ್ ಇಲ್ಲದ ಕರೆ ಲೆಕ್ಕಕ್ಕೇ ಬರುವುದಿಲ್ಲ.

18,460 ಎಂಬ ಅಂಕಿ ಎಲ್ಲಿಂದ ಬಂತು?

ಪ್ರತಿ ಆಸ್ಪತ್ರೆಯೂ ಒಂದು ದೊಡ್ಡ ದರಪಟ್ಟಿ ಇಟ್ಟುಕೊಂಡಿರುತ್ತದೆ, ಅದಕ್ಕೆ ಚಾರ್ಜ್‌ಮಾಸ್ಟರ್ ಎಂದು ಹೆಸರು. ಅದರಲ್ಲಿರುವ ದರವನ್ನು ಹೆಚ್ಚಿನ ವಿಮಾ ಕಂಪನಿಗಳು ಕೊಡುವುದೇ ಇಲ್ಲ. ಪ್ರತಿ ಕಂಪನಿಯೂ ಆಸ್ಪತ್ರೆಯೊಂದಿಗೆ ಕೂತು ತನ್ನದೇ ದರ ಒಪ್ಪಿಕೊಂಡಿರುತ್ತದೆ. ವೃದ್ಧರಿಗಾಗಿ 1965ರಲ್ಲಿ ಬಂದ ಸರಕಾರಿ ಮೆಡಿಕೇರ್ ತನ್ನ ದರವನ್ನು ತಾನೇ ನಿಗದಿ ಮಾಡುತ್ತದೆ. ಒಂದೇ ಎಕ್ಸ್-ರೇಗೆ ಒಂದೇ ಆಸ್ಪತ್ರೆಯಲ್ಲಿ ಹತ್ತು ಬಗೆಯ ಬೆಲೆ ಇರುವುದು ಹೀಗೆ. ಎಷ್ಟೋ ಒಪ್ಪಂದಗಳು ಪಟ್ಟಿಯ ದರದಲ್ಲಿ ಇಷ್ಟು ಪ್ರತಿಶತ ಎಂದು ಇರುವುದರಿಂದ ಪಟ್ಟಿಯನ್ನು ಏರಿಸಿದಷ್ಟೂ ಆಸ್ಪತ್ರೆಗೆ ಲಾಭ. ಪೂರ್ತಿ ಪಟ್ಟಿಯ ಬೆಲೆಯ ಕಾಗದ ಕೈಗೆ ಬರುವುದು ವಿಮೆ ಇಲ್ಲದವರಿಗೆ, ಮತ್ತು ವಿಮೆಯ ಲೆಕ್ಕ ಇನ್ನೂ ಆಗದವರಿಗೆ. ಇದನ್ನು ನೆನೆದರೆ ಹನ್ನೆರಡು ವರ್ಷಗಳ ಮೇಲೂ ನನಗೆ ಸಿಟ್ಟು ಬರುತ್ತದೆ. ಯಾರ ಬೆನ್ನಿಗೆ ಯಾರೂ ಇಲ್ಲವೋ ಅವರಿಗೇ ಅತಿ ದೊಡ್ಡ ಅಂಕಿ.

2021ರ ಜನವರಿ 1ರಿಂದ ಆಸ್ಪತ್ರೆಗಳು ಈ ದರಗಳನ್ನೆಲ್ಲ, ಪ್ರತಿ ವಿಮಾ ಕಂಪನಿಯ ಒಪ್ಪಂದದ ದರವನ್ನೂ ನಗದು ಕೊಡುವವರ ರಿಯಾಯಿತಿ ದರವನ್ನೂ ಸೇರಿಸಿ, ತಮ್ಮ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಕಡತ ದೊಡ್ಡದು, ಓದಲು ಕಷ್ಟ. ಆದರೆ ಸಿಪಿಟಿ ಕೋಡು, ಅಂದರೆ 93005ರಂಥ ಆ ಸೇವೆಯ ಸಂಖ್ಯೆ, ಗೊತ್ತಿದ್ದರೆ ಹುಡುಕಬಹುದು. ನಗದು ದರವು ವಿಮೆಯ ದರಕ್ಕಿಂತ ಕಡಿಮೆ ಇರುವುದೂ ಉಂಟು.

ಉದ್ಯೋಗಕ್ಕೂ ವಿಮೆಗೂ ಅಲ್ಲಿ ಗಂಟು ಬಿದ್ದಿರುವುದು ಏಕೆ ಎಂದು ಮಾಸ್ತರರು ಒಮ್ಮೆ ಕೇಳಿದರು. 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಪಡೆದು ವರ್ಷಕ್ಕೆ 21 ದಿನಗಳ ಆರೈಕೆಯ ಭರವಸೆ ಕೊಟ್ಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಾರ ಸಂಬಳ ಏರಿಸದಂತೆ ತಡೆದಾಗ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಟ್ಟವು. 1954ರ ತೆರಿಗೆ ಕಾನೂನು ಅದನ್ನು ಗಟ್ಟಿ ಮಾಡಿತು. ಶಿಕ್ಷಕರಿಂದ ಶುರುವಾಯಿತು ಎಂದು ಕೇಳಿ ಮಾಸ್ತರರಿಗೆ ಖುಷಿಯಾಯಿತು.

ವಿಮೆಯ ಲೆಕ್ಕ

ಮಕ್ಕಳು ಅಲ್ಲಿ ಕೆಲಸದಲ್ಲಿದ್ದರೆ ಅವರ ವಿಮೆ ಹೀಗೆ ನಡೆಯುತ್ತದೆ. ತಿಂಗಳ ಕಂತು ಪ್ರೀಮಿಯಂ. ವರ್ಷದಲ್ಲಿ ಮೊದಲು ನಮ್ಮ ಕೈಯಿಂದ ಹೋಗಬೇಕಾದ ಹಣ ಡಿಡಕ್ಟಿಬಲ್. ಅದು ಮುಗಿದ ಮೇಲೆ ಉಳಿದುದರಲ್ಲಿ ನಮ್ಮ ಪ್ರತಿಶತ ಪಾಲು ಕೋಇನ್ಶೂರೆನ್ಸ್. ವೈದ್ಯರ ಭೇಟಿಗೆ ಕೊಡುವ ನಿಗದಿತ ಹಣ ಕೋಪೇ. ಇವೆಲ್ಲಕ್ಕೂ ವರ್ಷಕ್ಕೊಂದು ಮೇಲ್ಮಿತಿ ಇದೆ. ಆರೋಗ್ಯ ವಿಮೆಯ ಕಾನೂನಾದ ಅಫೋರ್ಡಬಲ್ ಕೇರ್ ಆಕ್ಟಿನ ಪ್ರಕಾರ 2025ರಲ್ಲಿ ಅದು ಒಬ್ಬರಿಗೆ 9,200, ಕುಟುಂಬಕ್ಕೆ 18,400 ಡಾಲರ್ ಮೀರುವಂತಿರಲಿಲ್ಲ. ಆ ಲೆಕ್ಕದಲ್ಲಿ ಪ್ರೀಮಿಯಂ ಸೇರುವುದಿಲ್ಲ, ನೆಟ್‌ವರ್ಕ್ ಹೊರಗಿನ ಖರ್ಚೂ ಸೇರಬೇಕಿಲ್ಲ. ನೆಟ್‌ವರ್ಕ್ ಎಂದರೆ ಆ ವಿಮಾ ಕಂಪನಿಯೊಂದಿಗೆ ದರ ಒಪ್ಪಿಕೊಂಡಿರುವ ಆಸ್ಪತ್ರೆ, ವೈದ್ಯರ ಗುಂಪು.

ಒಂದು ಉದಾಹರಣೆ ಹಾಕಿ ನೋಡಿ. ಆಸ್ಪತ್ರೆ 10,000 ಡಾಲರ್ ಬಿಲ್ಲು ಕಳುಹಿಸಿತು. ಒಪ್ಪಂದದ ದರ 3,000. ಉಳಿದ 7,000ವನ್ನು ಆಸ್ಪತ್ರೆ ತನ್ನ ಪುಸ್ತಕದಿಂದಲೇ ಹೊಡೆದುಹಾಕಬೇಕು, ಯಾರನ್ನೂ ಕೇಳುವಂತಿಲ್ಲ. ಡಿಡಕ್ಟಿಬಲ್ 1,500 ಇನ್ನೂ ಮುಟ್ಟದೆ ಇದೆ ಎನ್ನಿ, ಅದು ನಿಮ್ಮದು. ಬಾಕಿ 1,500ರಲ್ಲಿ ನಿಮ್ಮ ಪಾಲು ಶೇಕಡಾ 20, ಅಂದರೆ 300. ನೀವು ಕೊಡಬೇಕಾದ್ದು 1,800. ವಿಮೆ ಕೊಡುವುದು 1,200.

ಈ ಲೆಕ್ಕವನ್ನು ವಿಮಾ ಕಂಪನಿ ಒಂದು ಕಾಗದದಲ್ಲಿ ಕಳುಹಿಸುತ್ತದೆ, ಅದು ಇಒಬಿ. ಇದು ಬಿಲ್ಲಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಆಸ್ಪತ್ರೆಯ ಬಿಲ್ಲನ್ನೂ ಇದನ್ನೂ ಪಕ್ಕಪಕ್ಕ ಇಟ್ಟು, ರೋಗಿಯ ಹೊಣೆ ಎಂಬ ಕಾಲಮ್ಮಿನ ಮೊತ್ತ ಎರಡರಲ್ಲೂ ಒಂದೇ ಇದೆಯೇ ನೋಡಿ. ಒಂದೇ ಆದ ದಿನ ಹಣ ಕಟ್ಟಿ, ಅದಕ್ಕೆ ಮೊದಲು ಬೇಡ.

ನಮ್ಮ ಪರದೆಯ ಮೇಲೆ ಪ್ರತಿ ಕಡಿತಕ್ಕೂ ಎರಡಕ್ಷರದ ಗುರುತು ಇರುತ್ತದೆ. ಸಿಒ ಎಂದರೆ ಒಪ್ಪಂದದ ಪ್ರಕಾರ ಆಸ್ಪತ್ರೆ ಬಿಡಬೇಕಾದ ಹಣ. ಪಿಆರ್ ಎಂದರೆ ರೋಗಿ ಕೊಡಬೇಕಾದ ಹಣ. ಪಿಆರ್-1 ಡಿಡಕ್ಟಿಬಲ್, ಪಿಆರ್-2 ಕೋಇನ್ಶೂರೆನ್ಸ್, ಪಿಆರ್-3 ಕೋಪೇ. ಸಿಒ-45 ಪಟ್ಟಿಯ ದರಕ್ಕೂ ಒಪ್ಪಂದದ ದರಕ್ಕೂ ಇರುವ ಅಂತರ. ಸಿಒ-29 ಎಂದರೆ ಆಸ್ಪತ್ರೆ ಗಡುವು ಮೀರಿ ಕ್ಲೇಮು ಕಳುಹಿಸಿದೆ, ಸಿಒ-197 ಎಂದರೆ ಮೊದಲೇ ಪಡೆಯಬೇಕಿದ್ದ ಅನುಮತಿ ಇಲ್ಲ. ನೆಟ್‌ವರ್ಕ್ ಒಳಗಿನ ಆಸ್ಪತ್ರೆಯಾದರೆ ಇಂಥ ತಪ್ಪುಗಳ ಹಣವನ್ನು ಸಾಮಾನ್ಯವಾಗಿ ರೋಗಿಯಿಂದ ಕೇಳುವಂತಿಲ್ಲ. ರೋಗಿಗೆ ಬರುವ ಇಒಬಿಯಲ್ಲಿ ಈ ಗುರುತುಗಳು ಹಲವು ಬಾರಿ ಇರುವುದಿಲ್ಲ. ಆದ್ದರಿಂದ ವಿಮಾ ಕಂಪನಿಗೆ ಕರೆ ಮಾಡಿದಾಗ ಈ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಈ ಮೊತ್ತ ಸಿಒ ಆಗಿದೆಯೋ, ಪಿಆರ್ ಆಗಿದೆಯೋ? ಹೀಗೆ ಕೇಳಿದ ಕೂಡಲೇ, ಬಿಲ್ಲು ಓದಲು ಬರುವವರು ಮಾತನಾಡುತ್ತಿದ್ದಾರೆ ಎಂದು ಆ ಕಡೆಯವರಿಗೆ ಗೊತ್ತಾಗುತ್ತದೆ.

ಮಾಸ್ತರರ ಬಿಲ್ಲು

ತಂದೆತಾಯಿಯರಿಗೆ ಮಕ್ಕಳ ಕಂಪನಿಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಪ್ರವಾಸಿ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಮಾಸ್ತರರ ಬಳಿ ಇದ್ದುದು ಸಂದರ್ಶಕರ ವಿಮೆ: 250 ಡಾಲರ್ ಡಿಡಕ್ಟಿಬಲ್, ನಂತರದ ಮೊದಲ 5,000ದಲ್ಲಿ ಶೇಕಡಾ 20 ಅವರದು, ಅದರ ಮೇಲಿನದು ಪಾಲಿಸಿಯ ಮಿತಿಯವರೆಗೆ ಪೂರ್ತಿ ವಿಮೆಯದು. ಆಸ್ಪತ್ರೆ ಆ ವಿಮೆಯ ನೆಟ್‌ವರ್ಕಿನಲ್ಲೇ ಇತ್ತು. ಹಾಗಿದ್ದರೂ ಕ್ಲೇಮು ತಿರಸ್ಕಾರವಾಯಿತು. ಕಾರಣ: ಮೊದಲೇ ಇದ್ದ ಕಾಯಿಲೆ.

ಅಷ್ಟರಲ್ಲಿ ಐಟಮೈಸ್ಡ್ ಬಿಲ್ಲು ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಇಲ್ಲಿ, ಮಾಸ್ತರರು ಅಲ್ಲಿ ನಿದ್ದೆಗೆಟ್ಟು, ಫೋನಿನಲ್ಲಿ ಸಾಲು ಸಾಲಾಗಿ ಓದಿದೆವು. ಗಣಿತದ ಮಾಸ್ತರರಲ್ಲವೇ, ಅವರೇ ಮೊದಲು ನಿಲ್ಲಿಸಿದರು. "84484 ಎಂಬುದು ಮೂರು ಬಾರಿ ಇದೆಯಮ್ಮ. ನನ್ನ ಕೈಯಿಂದ ರಕ್ತ ತೆಗೆದದ್ದು ಎರಡೇ ಬಾರಿ." ಅದು ಟ್ರೋಪೋನಿನ್, ಹೃದಯಾಘಾತವಾಗಿದೆಯೇ ಎಂದು ನೋಡುವ ಪರೀಕ್ಷೆ. ಕೆಲವು ಗಂಟೆ ಬಿಟ್ಟು ಮತ್ತೆ ಮಾಡುವುದು ರೂಢಿ, ಮೂರು ಬಾರಿಯೂ ಆಗಬಹುದು. ಆದರೆ ಆಸ್ಪತ್ರೆಯಿಂದ ತರಿಸಿಕೊಂಡ ವೈದ್ಯಕೀಯ ದಾಖಲೆಯಲ್ಲಿ ಎರಡೇ ಫಲಿತಾಂಶಗಳಿದ್ದವು, ಎರಡೇ ಸಮಯ. ಮೂರನೆಯ ಸಾಲಿನ ಬೆಲೆ 412 ಡಾಲರ್.

ನನ್ನ ಕಣ್ಣು ಹೋದದ್ದು ರೋಗದ ಕೋಡುಗಳ ಮೇಲೆ. 2015ರ ಅಕ್ಟೋಬರಿನಿಂದ ಅಲ್ಲಿ ಐಸಿಡಿ-10 ಬಳಕೆಯಲ್ಲಿದೆ. ಪ್ರತಿ ಕಾಯಿಲೆಗೂ ಒಂದು ಕೋಡು, ಯಾವ ಕಾಯಿಲೆಗೆ ಚಿಕಿತ್ಸೆಯಾಯಿತೋ ಅದು ಮೊದಲು. ಮಾಸ್ತರರ ಕ್ಲೇಮಿನಲ್ಲಿ ಮೊದಲು ಇದ್ದುದು ಐ10, ಅಂದರೆ ರಕ್ತದೊತ್ತಡ. ಅವರಿಗೆ ಒತ್ತಡ ಇರುವುದು ನಿಜ, ಮಾತ್ರೆ ನುಂಗುವುದೂ ನಿಜ. ಆದರೆ ಆ ರಾತ್ರಿ ಹೋದದ್ದು ಅದಕ್ಕಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ವೈದ್ಯರು ಬರೆದಿದ್ದುದು ಹುಳಿತೇಗು, ಅದರ ಕೋಡು ಕೆ21.9. ವಿಮೆಯವರು ಐ10 ನೋಡಿ, ಹಳೆಯ ಕಾಯಿಲೆ ಎಂದು ಬಾಗಿಲು ಮುಚ್ಚಿದ್ದರು.

ಮಗಳಿಂದ ಎರಡು ಪತ್ರ ಬರೆಸಿದೆ. ಒಂದು ಆಸ್ಪತ್ರೆಗೆ: ಕೋಡುಗಳನ್ನು ಮರುಪರಿಶೀಲಿಸಿ, 84484ರ ಮೂರನೆಯ ಸಾಲನ್ನು ದಾಖಲೆಗೆ ತಾಳೆ ನೋಡಿ, ಸರಿಪಡಿಸಿದ ಕ್ಲೇಮನ್ನು ವಿಮೆಗೆ ಮತ್ತೆ ಕಳುಹಿಸಿ. ಇನ್ನೊಂದು ವಿಮೆಗೆ, ಮೇಲ್ಮನವಿ: ಡಿಸ್ಚಾರ್ಜ್ ಕಾಗದದ ಪ್ರತಿ, ಜೊತೆಗೆ ಡೊಂಬಿವಲಿಯ ಅವರ ವೈದ್ಯರ ಚೀಟಿ, ಇವರಿಗೆ ಹೃದಯದ ಕಾಯಿಲೆಯ ಇತಿಹಾಸವಿಲ್ಲ, ಒತ್ತಡ ಹತೋಟಿಯಲ್ಲಿದೆ ಎಂದು. ಪತ್ರದಲ್ಲಿ ದುಃಖ ತೋಡಿಕೊಳ್ಳಬೇಡಿ ಎಂದು ಅವಳಿಗೆ ಹೇಳಿದೆ. ಕ್ಲೇಮಿನ ಸಂಖ್ಯೆ, ದಿನಾಂಕ, ತಪ್ಪು ಯಾವುದು, ಪುರಾವೆ ಯಾವ ಪುಟದಲ್ಲಿದೆ, ಏನು ಮಾಡಬೇಕು, ಇಷ್ಟೇ ಇರಬೇಕು. ಇಂಥ ಪತ್ರಗಳಿಗೆ ಉತ್ತರ ಬಂದದ್ದನ್ನು ನಾನು ದಿನವೂ ನೋಡುತ್ತೇನೆ. ಉದ್ಯೋಗದ ಮೂಲಕ ಬಂದ ವಿಮೆಯಾದರೆ ಮೇಲ್ಮನವಿಗೆ ತಿರಸ್ಕಾರದ ಪತ್ರ ಬಂದ ದಿನದಿಂದ 180 ದಿನಗಳ ಅವಕಾಶವಿರುತ್ತದೆ. ಅಲ್ಲೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಸಂದರ್ಶಕರ ವಿಮೆಯ ಗಡುವು ಪಾಲಿಸಿಯಲ್ಲೇ ಇರುತ್ತದೆ, ಅದನ್ನು ಓದಬೇಕು.

ಆಸ್ಪತ್ರೆ 412 ಡಾಲರ್ ಕಳೆಯಿತು, ಕೆ21.9 ಮೇಲೆ ಬಂತು. ವಿಮೆಯವರು ಮತ್ತೆ ಲೆಕ್ಕ ಹಾಕಿದರು. 18,048ರ ಬಿಲ್ಲಿಗೆ ಒಪ್ಪಂದದ ದರ 6,250. ಮಾಸ್ತರರ ಪಾಲು 250 ಮತ್ತು 1,000, ಒಟ್ಟು 1,250 ಡಾಲರ್. ವೈದ್ಯರ ಮೂರು ಬಿಲ್ಲುಗಳನ್ನು ವಿಮೆಯೇ ಪೂರ್ತಿ ಕೊಟ್ಟಿತು. ಆಂಬುಲೆನ್ಸ್ ಮಾತ್ರ ನೆಟ್‌ವರ್ಕಿನ ಹೊರಗಿನದು, ಅದರಲ್ಲಿ 600 ಉಳಿಯಿತು. ಮಗಳು ಬಡ್ಡಿಯಿಲ್ಲದೆ ನಾಲ್ಕು ಕಂತು ಮಾಡಿಸಿಕೊಂಡಳು. ಇಷ್ಟಕ್ಕೆ ಏಳು ತಿಂಗಳು ಹಿಡಿಯಿತು.

ಇನ್ನೂ ಒಂದೆರಡು ಮಾತು

2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ತುರ್ತು ಚಿಕಿತ್ಸೆಯಲ್ಲಿ ನೆಟ್‌ವರ್ಕ್ ಹೊರಗಿನ ವೈದ್ಯರು ಹೆಚ್ಚುವರಿ ಬಿಲ್ಲು ಕಳುಹಿಸುವುದನ್ನು ತಡೆಯುತ್ತದೆ. ಆದರೆ ರಸ್ತೆಯ ಆಂಬುಲೆನ್ಸ್ ಅದರೊಳಗೆ ಬರುವುದಿಲ್ಲ, ಸಂದರ್ಶಕರ ವಿಮೆಗೂ ಆ ರಕ್ಷಣೆ ಇಲ್ಲ. ವಿಮೆಯೇ ಇಲ್ಲದವರು ಮೊದಲೇ ಗೊತ್ತಾದ ಚಿಕಿತ್ಸೆಗೆ ಲಿಖಿತ ಅಂದಾಜು ಕೇಳಿ ಪಡೆಯಬಹುದು. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಂದರೆ 120 ದಿನಗಳೊಳಗೆ ತಕರಾರು ಸಲ್ಲಿಸಬಹುದು.

ಲಾಭದ ಉದ್ದೇಶವಿಲ್ಲದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಬಡವರಿಗೆ ಹಣಕಾಸಿನ ನೆರವಿನ ಲಿಖಿತ ನೀತಿ ಇಟ್ಟುಕೊಳ್ಳಲೇಬೇಕು. ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಓದಲು ಹೋದ ನಮ್ಮ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಕೇಳಲು ನಾಚಿಕೊಳ್ಳಬೇಡಿ.

ಬಾಣಂತನಕ್ಕೆ ಹೋಗುವವರು ಒಂದು ವಿಷಯವನ್ನು ಮಗಳಿಗೂ ಅಳಿಯನಿಗೂ ಬಿಡದೆ ನೆನಪಿಸಿ. ಹುಟ್ಟಿದ ಮಗು ಆ ಕ್ಷಣದಿಂದ ಬೇರೆಯೇ ರೋಗಿ, ಅದಕ್ಕೆ ಬೇರೆಯೇ ಬಿಲ್ಲು. ಕಂಪನಿಯ ವಿಮೆಗೆ ಮಗುವನ್ನು ಸೇರಿಸಲು ಖಚಿತವಾಗಿ ಸಿಗುವುದು 30 ದಿನ. ಅಷ್ಟರೊಳಗೆ ಸೇರಿಸಿದರೆ ಹುಟ್ಟಿದ ದಿನದಿಂದಲೇ ರಕ್ಷಣೆ ಸಿಗುತ್ತದೆ. ತೊಟ್ಟಿಲು, ನಾಮಕರಣ, ಬಂದು ಹೋಗುವವರ ಗಡಿಬಿಡಿಯಲ್ಲಿ ದಿನ ಮೀರಿದ ಮನೆಗಳ ಕ್ಲೇಮುಗಳು ನನ್ನ ಮೇಜಿಗೆ ಬರುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗಂಡ ಹೆಂಡತಿ ಇಬ್ಬರಿಗೂ ವಿಮೆ ಇದ್ದು, ಮಗು ಎರಡರಲ್ಲೂ ಇದ್ದರೆ, ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರ ವಿಮೆಯೇ ಮೊದಲು ಕೊಡಬೇಕು. ವಯಸ್ಸಿನ ಲೆಕ್ಕವಿಲ್ಲ, ತಿಂಗಳು ಮತ್ತು ದಿನ ಮಾತ್ರ.

ಇನ್ನು ನೀವು ಹೊರಡುವ ಮುನ್ನ. ಸಂದರ್ಶಕರ ವಿಮೆಯಲ್ಲಿ ಎರಡು ಬಗೆ. ಒಂದೊಂದು ಸೇವೆಗೆ ಇಷ್ಟೇ ಎಂದು ಮೊತ್ತ ಕಟ್ಟಿಟ್ಟಿರುವುದು ಅಗ್ಗ, ಆದರೆ ಅಲ್ಲಿನ ಬೆಲೆಗೆ ಅದು ಏನೇನೂ ಸಾಲದು. ಬಿಲ್ಲಿನ ಪ್ರತಿಶತ ಕೊಡುವ ಸಮಗ್ರ ವಿಮೆಯನ್ನೇ ಕೊಳ್ಳಿ, ಸೀರೆಗೆ ಇಟ್ಟ ಹಣದಲ್ಲಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಏನು ಕೊಡುತ್ತಾರೆ, ಎಷ್ಟು ವಯಸ್ಸಿನವರೆಗೆ, ಎಷ್ಟು ಗಂಟೆಯೊಳಗೆ ಆಸ್ಪತ್ರೆ ಸೇರಬೇಕು ಎಂಬ ಪುಟವನ್ನು ಮಗನೋ ಮಗಳೋ ಗಟ್ಟಿಯಾಗಿ ಓದಿ ಹೇಳಲಿ. ಜ್ವರ, ಕಿವಿನೋವು, ಉಳುಕು ಇಂಥವಕ್ಕೆ ತುರ್ತು ವಿಭಾಗ ಬೇಡ, ಅರ್ಜೆಂಟ್ ಕೇರ್ ಎಂಬ ಚಿಕಿತ್ಸಾಲಯಗಳಿವೆ, ಅಲ್ಲಿನ ಬಿಲ್ಲು ಬಹಳ ಚಿಕ್ಕದು.

ಮಾಸ್ತರರು ಮುಂದಿನ ಮೇ ತಿಂಗಳಲ್ಲಿ ಮೊಮ್ಮಗುವನ್ನು ನೋಡಲು ಮತ್ತೆ ಹೊರಟಿದ್ದಾರೆ. ಮೊನ್ನೆ ಅವರ ಮನೆಗೆ ಹೋದಾಗ ಒಂದು ಪ್ಲಾಸ್ಟಿಕ್ ಫೈಲು ತೋರಿಸಿದರು. ಪಾಲಿಸಿಯ ಪ್ರತಿ, ಮಾತ್ರೆಗಳ ಹೆಸರಿರುವ ಚೀಟಿ, ಇತ್ತೀಚಿನ ಇಸಿಜಿ, ವೈದ್ಯರ ಪತ್ರ. ಕೊನೆಯಲ್ಲಿ ಒಂದು ನೂರು ಪುಟದ ಚೌಕುಳಿ ಪುಸ್ತಕ, ಗಣಿತದ ಹುಡುಗರು ತರುವಂಥದ್ದು. ಮೊದಲ ಪುಟದಲ್ಲಿ ಗೆರೆ ಎಳೆದು ನಾಲ್ಕು ಕಾಲಮ್ಮು ಮಾಡಿದ್ದರು: ದಿನಾಂಕ, ಯಾರು ಮಾತನಾಡಿದರು, ಏನು ಹೇಳಿದರು, ರೆಫರೆನ್ಸ್ ನಂಬರ್.